ಮಾವನ ಟಗರು, ಅಳಿಯನ ಹಲ್ಲು

ಈ ಭೂಮಂಡಲದಲ್ಲಿ ಬಿಳಿಯಾಗದ ಮೂಳೆ ಅನ್ನೋದೇ ಇಲ್ಲ, ಮಾಡುವವನ ಕೈಯಲ್ಲಿ ಕಸುಬು ಇರಬೇಕು ಅಷ್ಟೆ ಎಂದು ದಂತಶಿಲ್ಪಿ ಊಟದ ಮೇಜಿನ ಮುಂದೆ ಎದೆಯುಬ್ಬಿಸಿ ಘೋಷಿಸಿದ. ಆಮೇಲೆ ಏನೇನು ಅನಾಹುತವಾಯಿತೋ ಅದಕ್ಕೆಲ್ಲ ಈ ಒಂದು ಮಾತೇ ಮೂಲ. ಬಾಯಲ್ಲಿ ತುತ್ತಿರುವಾಗ ಮಾತಾಡಬಾರದು ಎಂದು ಚಿಕ್ಕಂದಿನಲ್ಲಿ ಅವನ ತಾಯಿ ಹೇಳಿದ್ದಳು. ಮಗ ಆಗಲೂ ಮಾತಾಡುತ್ತಿದ್ದುದರಿಂದ ಅದು ಕೇಳಿಸಿರಲಿಲ್ಲ.

ದಂತಶಿಲ್ಪಿ ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡ ಬಿರುದು. ಹಲ್ಲಿನ ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚನ್ನು ಇಟ್ಟುಕೊಂಡು ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕೆಲಸ. ಕೆಲಸದಲ್ಲಿ ಮಾತ್ರ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಅವನು ಕಟ್ಟಿದ ಹಲ್ಲು ಹಾಕಿಕೊಂಡು ಮುದುಕರು ಕಲ್ಲುಸಕ್ಕರೆ ಕಡಿಯುತ್ತಿದ್ದರು, ಮುದುಕಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅರ್ಧ ಊರು ನಗುವುದು ನನ್ನ ಹಲ್ಲಿನಿಂದಲೇ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಅದಕ್ಕೆ ಹೆಂಡತಿ, ನಮ್ಮಪ್ಪನನ್ನ ಒಬ್ಬರನ್ನ ನಗಿಸಿ ನೋಡೋಣ ಅಂದುಬಿಟ್ಟರೆ ಅವನ ಬಾಯಿ ತಟ್ಟನೆ ಮುಚ್ಚಿಕೊಳ್ಳುತ್ತಿತ್ತು.

ಮಾವನ ಕಥೆ ಹೀಗೆ. ಅವರು ಪಶುವೈದ್ಯರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಾಗ ಒಂದು ಟಗರಿನ ಕಾಲಿಗೆ ಬ್ಯಾಂಡೇಜು ಸುತ್ತಲು ಬಗ್ಗಿದರು. ಟಗರೂ ಅದೇ ಹೊತ್ತಿಗೆ ತಲೆ ಎತ್ತಿತು. ಮಾವನ ಮೇಲಿನ ಸಾಲಿನ ಮುಂದಿನ ಹಲ್ಲುಗಳೆಲ್ಲ ಒಂದೇ ಏಟಿಗೆ ಹುಲ್ಲಿನ ಮೇಲೆ ಬಿದ್ದವು. ಅಂದಿನಿಂದ ಅವರು ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಬರಬರುತ್ತ ನಗುವುದನ್ನೇ ಬಿಟ್ಟರು. ಬಿಸ್ಕತ್ತನ್ನು ಟೀಯಲ್ಲಿ ಮುಳುಗಿಸಿ ನುಂಗುತ್ತಾರೆ, ಹಣ್ಣನ್ನು ಚಾಕುವಿನಲ್ಲಿ ತೆಳ್ಳಗೆ ಹೆಚ್ಚಿಸಿಕೊಂಡು ತಿನ್ನುತ್ತಾರೆ. ಮನೆಯಲ್ಲೇ ಹಲ್ಲು ಕಟ್ಟುವ ಅಳಿಯ ಇದ್ದಾನೆ, ಒಂದು ಸಲ ಬಾಯಿ ತೆರೆದು ಅಚ್ಚು ಕೊಟ್ಟರೆ ಮುಗಿಯಿತು. ಆದರೆ ಮಾವ ಜಪ್ಪಯ್ಯ ಅಂದರೂ ಒಪ್ಪರು. ನಾನು ಜೀವಮಾನವೆಲ್ಲ ಪ್ರಾಣಿಗಳ ಬಾಯಿಗೆ ಕೈ ಹಾಕಿದವನು, ಹಾಕಿಸಿಕೊಂಡವರಿಗೆ ಹೇಗಿರುತ್ತೆ ಅಂತ ನನಗೆ ಗೊತ್ತು ಅನ್ನುತ್ತಿದ್ದರು. ನಿಜವಾದ ಕಾರಣ ಬೇರೆ. ಅಳಿಯನ ಮಾತು ಜಾಸ್ತಿ, ಮಾತು ಜಾಸ್ತಿ ಇರುವವನ ಕೈಗೆ ಬಾಯಿ ಕೊಡಲು ಅವರಿಗೆ ಧೈರ್ಯ ಇರಲಿಲ್ಲ. ಇದು ದಂತಶಿಲ್ಪಿಗೂ ಗೊತ್ತಿತ್ತು. ಡಾಕ್ಟರುಗಳು ಬೇರೆ, ಏನಪ್ಪಾ, ನಿನ್ನ ಮಾವನ ಬಾಯೇ ಖಾಲಿಯಂತೆ ಎಂದು ಆಗಾಗ ಚುಚ್ಚುತ್ತಿದ್ದರು. ಆ ಮಾತು ಕೇಳಿದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಆ ಟಗರು ಮುಪ್ಪಾಗಿ ಸತ್ತಾಗ ಮಾವ ಅದರ ತಲೆಯನ್ನು ಕೇಳಿ ಪಡೆದು ತಮ್ಮ ಮನೆಯ ಹಿತ್ತಲಲ್ಲಿ ಹೂತಿಟ್ಟಿದ್ದರು. ಅದು ಹಗೆಯೋ ಗೆಳೆತನವೋ ಯಾರಿಗೂ ತಿಳಿಯದು. ಮೊನ್ನೆ ಅಗೆದು ತೆಗೆದರೆ ಕೊಂಬಿನ ಸಮೇತ ಬುರುಡೆ ಸಿಕ್ಕಿತು. ಮಾಂಸವೆಲ್ಲ ಮಣ್ಣುಪಾಲಾಗಿತ್ತು. ಆದರೆ ಬಣ್ಣ ಕಂದು, ಮೈತುಂಬ ಜಿಡ್ಡು, ವಾಸನೆಯಂತೂ ದೇವರಿಗೇ ಪ್ರೀತಿ. ಇದನ್ನು ಬಿಳಿ ಮಾಡಿಸಿ ಹಜಾರದಲ್ಲಿ ತೂಗುಹಾಕಬೇಕು, ಯಾರಿಗೆ ಕೊಡಲಿ ಎಂದು ಅವರು ಮಗಳ ಮನೆಗೆ ಬಂದು ಊಟದ ಹೊತ್ತಿನಲ್ಲಿ ಕೇಳಿದಾಗಲೇ ನಮ್ಮ ದಂತಶಿಲ್ಪಿ ಮೇಲೆ ಹೇಳಿದ ಘೋಷಣೆ ಮಾಡಿದ್ದು.

ಮಾವ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು.

"ಆಗಲಿ ಅಳಿಯಂದಿರೇ. ಭಾನುವಾರ ಬರ್ತೀನಿ. ಇದನ್ನ ಬೆಳ್ಳಗೆ ಮಾಡಿ, ಒಂದು ಹಲ್ಲೂ ಕಳೀದೆ ನನ್ನ ಕೈಗೆ ಕೊಟ್ರೆ, ಅವತ್ತೇ ನನ್ನ ಬಾಯಿ ನಿಮಗೆ ಬಿಟ್ಟುಕೊಡ್ತೀನಿ."

ಹೆಂಡತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷ ಅತ್ತು ಕರೆದು ಗೋಗರೆದರೂ ಒಪ್ಪದ ಅಪ್ಪ ಒಂದು ಬುರುಡೆಯ ನೆಪದಲ್ಲಿ ಒಪ್ಪಿಬಿಟ್ಟಿದ್ದರು. ಅವಳು ಗಂಡನ ಕಡೆ ತಿರುಗಿದಳು. ಆ ನೋಟದಲ್ಲಿ ಆಸೆಯೂ ಇತ್ತು, ಕೆಡಿಸಿದರೆ ಜೋಕೆ ಅನ್ನುವ ಎಚ್ಚರಿಕೆಯೂ ಇತ್ತು.

ಮರುದಿನವೇ ಮಹಾಯಜ್ಞ ಆರಂಭವಾಯಿತು. ಬುರುಡೆಯನ್ನು ಕುದಿಸಬಾರದು, ಕುದಿಸಿದರೆ ಜಿಡ್ಡು ಮೂಳೆಯೊಳಗೇ ಇಳಿದು ಕೂರುತ್ತದೆ ಎಂದು ಅವನು ಎಲ್ಲೋ ಕೇಳಿದ್ದ. ಆದ್ದರಿಂದ ಬಚ್ಚಲಿನಲ್ಲಿ ದೊಡ್ಡ ಬಕೆಟ್ಟಿಗೆ ಬಿಸಿನೀರು ತುಂಬಿ, ಪಾತ್ರೆ ತೊಳೆಯುವ ಸೋಪನ್ನು ಧಾರಾಳವಾಗಿ ಸುರಿದು, ಟಗರಿನ ತಲೆಯನ್ನು ಮುಳುಗಿಸಿಟ್ಟ. ಜಿಡ್ಡು ಮೇಲೆ ತೇಲಿ ಬರುವುದು, ಅವನು ನೀರು ಚೆಲ್ಲಿ ಹೊಸ ನೀರು ತುಂಬುವುದು, ಇದೇ ಕೆಲಸ. ವಾಸನೆ ಬಚ್ಚಲಿನಿಂದ ಹೊರಟು ಮಲಗುವ ಕೋಣೆ, ಅಡುಗೆಮನೆ ಎಲ್ಲ ಸುತ್ತಿ, ಮುಂದಿನ ಕೋಣೆಗೂ ಬಂತು. ಮುಂದಿನ ಕೋಣೆಯಲ್ಲಿ ಹೆಂಡತಿಯ ಬ್ಯೂಟಿ ಪಾರ್ಲರು. ಮುಖಕ್ಕೆ ಲೇಪ ಹಚ್ಚಿಸಿಕೊಂಡು ಒರಗಿದ್ದ ಗಿರಾಕಿಯೊಬ್ಬಳು, ಇದು ಯಾವ ಗಿಡಮೂಲಿಕೆ ಎಂದು ಕೇಳಿದಳಂತೆ. ಹೆಂಡತಿ ಎದೆ ಗಟ್ಟಿ ಮಾಡಿಕೊಂಡು, ಹೊಸದಾಗಿ ಬಂದಿದೆ ಮೇಡಂ, ಚರ್ಮಕ್ಕೆ ಬಹಳ ಒಳ್ಳೇದು ಅಂದಳು.

ಮೊದಲನೇ ಆಘಾತ ಬಕೆಟ್ಟಿನಲ್ಲೇ ಕಾದಿತ್ತು. ಎಲ್ಲಿಗೆ ಬಂತು ನೋಡೋಣ ಎಂದು ಅವನು ಎರಡೂ ಕೊಂಬು ಹಿಡಿದು ಬುರುಡೆಯನ್ನು ಮೇಲಕ್ಕೆತ್ತಿದ. ಕೊಂಬು ಮೇಲೆ ಬಂತು, ಬುರುಡೆ ಬರಲಿಲ್ಲ! ಅದು ಬುಳಕ್ಕನೆ ನೀರಿಗೆ ಬಿತ್ತು. ಎರಡು ಕೈಯಲ್ಲಿ ಎರಡು ಕೊಂಬು ಹಿಡಿದು ದಂತಶಿಲ್ಪಿ ಬಚ್ಚಲಲ್ಲಿ ಗರಬಡಿದವನಂತೆ ನಿಂತ. ಸದ್ದು ಕೇಳಿ ಓಡಿಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಮುರಿದುಬಿಟ್ರಾ?"

"ಇಲ್ಲ ಕಣೇ. ಅದೇ ಕಳಚಿಕೊಂಡಿತು."

ಪುಣ್ಯಕ್ಕೆ ಬುರುಡೆಯ ಮೇಲೆ ಮೂಳೆಯ ಒಳಗೊಂಬು ಇದ್ದೇ ಇತ್ತು. ಹೊರಗಿನದು ಬರೀ ಸಿಪ್ಪೆ. ನೀರಿನಲ್ಲಿ ನೆನೆದು ಸಡಿಲವಾಗಿತ್ತು. ಮತ್ತೆ ಟೋಪಿಯ ಹಾಗೆ ತೊಡಿಸಿದರೆ ಸರಿಯಾಗಿ ಕೂತಿತು. ಇಬ್ಬರಿಗೂ ಹೋದ ಜೀವ ಬಂದ ಹಾಗಾಯಿತು. ಇನ್ನೇನೂ ಆಗೋದಿಲ್ಲ, ದೊಡ್ಡ ಗಂಡಾಂತರ ಕಳೀತು ಎಂದು ಅವನು ಅವಳಿಗೆ ಭರವಸೆ ಕೊಟ್ಟ.

ಮುಂದಿನದು ಬಿಳುಪು. ಅದಕ್ಕೆ ಬೇಕಾದ ಔಷಧಿ ಪಾರ್ಲರಿನಲ್ಲೇ ಇತ್ತು. ಕೂದಲಿನ ಕಪ್ಪು ತೆಗೆಯಲು ಹಚ್ಚುವ ಪೆರಾಕ್ಸೈಡ್ ಕ್ರೀಮು. ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿದ್ದರಿಂದ ಅವನು ಕೇಳಲಿಲ್ಲ. ಹೆಂಡತಿ ಸಾಮಾನು ತರಲು ಹೊರಗೆ ಹೋದ ಮಧ್ಯಾಹ್ನ ಡಬ್ಬಗಳನ್ನೆಲ್ಲ ಬುರುಡೆಗೆ ಬಳಿದ. ಕ್ರೀಮು ಒಣಗಬಾರದು, ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದ. ಶಾಖ ತಾಗಿದರೆ ಕೆಲಸ ಬೇಗ ಆಗುತ್ತದೆ, ಅದಕ್ಕೆ ಬುರುಡೆಯನ್ನು ಪಾರ್ಲರಿನ ಒರಗುಕುರ್ಚಿಯಲ್ಲಿ ದಿಂಬು ಕೊಟ್ಟು ಕೂರಿಸಿ, ಕೂದಲಿಗೆ ಹಬೆ ಕೊಡುವ ಯಂತ್ರದ ಗುಮ್ಮಟವನ್ನು ಅದರ ಮೇಲೆ ಇಳಿಸಿದ. ಕ್ರೀಮು ಕುರ್ಚಿಗೆ ತಾಗದಿರಲಿ ಎಂದು ಕುತ್ತಿಗೆ ಇರಬೇಕಾದ ಜಾಗಕ್ಕೆ ಒಂದು ಟವೆಲ್ಲನ್ನೂ ಹೊದಿಸಿದ. ಹಿಂದಿನಿಂದ ನೋಡಿದರೆ ಯಾರೋ ದೊಡ್ಡ ಮನೆಯ ಹೆಂಗಸು ಹಬೆ ತೆಗೆದುಕೊಳ್ಳುತ್ತಿರುವ ಹಾಗೆಯೇ ಕಾಣುತ್ತಿತ್ತು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಅವನು ಒಳಗೆ ಟೀ ಮಾಡಿಕೊಳ್ಳಲು ಹೋದ.

ಅಷ್ಟರಲ್ಲಿ ಹೇಳಿಹೋಗಿದ್ದ ಹೊತ್ತಿಗೆ ಸರಿಯಾಗಿ ಹೆಡ್‌ಮಿಸ್ಟ್ರೆಸ್ ಮೇಡಂ ಬಂದರು. ಸ್ಕೂಲಿನ ನೂರಾರು ಮಕ್ಕಳನ್ನು ಒಂದು ಹುಬ್ಬಿನಲ್ಲಿ ಹಿಡಿದಿಡುವ ಹೆಂಗಸು. ಪಾರ್ಲರಿನವಳು ಕಾಣಲಿಲ್ಲ. ಪಕ್ಕದ ಕುರ್ಚಿಯಲ್ಲಿ ಯಾರೋ ಹಬೆಯಲ್ಲಿ ಕೂತಿದ್ದರು. ಮೇಡಂ ತಾವೂ ಕೂತು, ಸೌಜನ್ಯಕ್ಕೆ, ಇವತ್ತು ಸೆಕೆ ಜಾಸ್ತಿ ಅಲ್ವಾ ಎಂದರು. ಉತ್ತರ ಬರಲಿಲ್ಲ. ನಿಮಗೂ ಕೂದಲು ಉದುರುತ್ತಾ ಎಂದು ಕೇಳಿದರು. ಅದಕ್ಕೂ ಉತ್ತರವಿಲ್ಲ. ಎಂಥ ಸೊಕ್ಕಿನವಳಪ್ಪ ಎಂದುಕೊಂಡು ಬಗ್ಗಿ ಗುಮ್ಮಟದೊಳಗೆ ಇಣುಕಿದರು.

ಆಮೇಲೆ ಕೇಳಿದ ಕಿರುಚಾಟಕ್ಕೆ ದಂತಶಿಲ್ಪಿಯ ಕೈಯಲ್ಲಿದ್ದ ಟೀ ಪಾತ್ರೆ ನೆಲಕ್ಕೆ ಬಿತ್ತು. ಅವನು ಓಡಿಬರುವಷ್ಟರಲ್ಲಿ ಮೇಡಂ ಒಂದು ಚಪ್ಪಲಿ ಇಲ್ಲೇ ಬಿಟ್ಟು ಬೀದಿಯ ತುದಿ ಮುಟ್ಟಿದ್ದರು. ಸಾಮಾನಿನ ಚೀಲ ಹಿಡಿದು ಬರುತ್ತಿದ್ದ ಹೆಂಡತಿಗೆ ಅವರು ಎದುರಾಗಿ ಹೇಳಿದ್ದು ಇಷ್ಟೇ: ಅಲ್ಲಮ್ಮ, ನಿನ್ನ ಹಬೆಯಲ್ಲಿ ಆ ಹೆಂಗಸು ಕರಗಿಹೋಗಿದ್ದಾಳೆ, ಹೋಗಿ ನೋಡು.

ಹೆಂಡತಿ ಬಂದು ನೋಡಿದಳು. ಖಾಲಿ ಡಬ್ಬಗಳನ್ನು ನೋಡಿದಳು. ಕುರ್ಚಿಯ ಮೇಲೆ ಕೊಂಬು ಚಾಚಿ ಕೂತಿದ್ದ ಗಿರಾಕಿಯನ್ನು ನೋಡಿದಳು. ಬೈಯಲು ಬಾಯಿ ತೆರೆದವಳು ಬುರುಡೆಯ ಪ್ಲಾಸ್ಟಿಕ್ ಸರಿಸಿದ್ದೇ ತಡ ಸುಮ್ಮನಾದಳು. ಮೂಳೆ ಹಾಲಿನಷ್ಟು ಬೆಳ್ಳಗಾಗಿತ್ತು. ಈ ಬಿಳುಪು ನೋಡಿದರೆ ಅಪ್ಪ ಒಪ್ಪದೆ ಇರಲಾರರು ಎಂದು ಅವಳಿಗೇ ಅನ್ನಿಸಿತು. ಆ ಒಂದು ಕಾರಣಕ್ಕೆ ಅವಳು ಗಂಡನಿಗೆ ಅವತ್ತು ಊಟ ಹಾಕಿದಳು.

ತೊಳೆದು ಒಣಗಿಸಿದ ಮೇಲೆ ಜೋಡಿಸುವ ಕೆಲಸ. ನೆನೆದಾಗ ಕೆಳದವಡೆಯಿಂದ ಕಳಚಿಬಿದ್ದಿದ್ದ ಮುಂದಿನ ಹಲ್ಲುಗಳನ್ನು ಅವನು ಬಕೆಟ್ಟಿನ ತಳದಿಂದ ಜೋಪಾನವಾಗಿ ಆರಿಸಿ ಬಟ್ಟಲಲ್ಲಿ ಇಟ್ಟಿದ್ದ. ಒಂದೊಂದಕ್ಕೂ ಅಂಟು ಹಚ್ಚಿ ಅದರದರ ಗೂಡಿನಲ್ಲಿ ಕೂರಿಸಿದ. ಕೆಳಗಿನ ಸಾಲು ಭರ್ತಿಯಾಯಿತು. ಮೇಲಿನ ಸಾಲಿಗೆಂದು ಬಟ್ಟಲಿಗೆ ಕೈ ಹಾಕಿದ. ಬಟ್ಟಲು ಖಾಲಿ.

ಬುರುಡೆಯನ್ನು ತಿರುಗಿಸಿ ನೋಡಿದ. ಹಿಂದುಗಡೆ ದವಡೆ ಹಲ್ಲುಗಳು ಇದ್ದವು. ಮುಂದುಗಡೆ, ಮೂತಿಯ ತುದಿಯಲ್ಲಿ, ಒಂದು ಹಲ್ಲೂ ಇಲ್ಲ! ಹಲ್ಲು ಹೋಗಲಿ, ಹಲ್ಲು ಕೂರುವ ಗೂಡುಗಳೂ ಇರಲಿಲ್ಲ. ಮೂಳೆ ನುಣ್ಣಗೆ ಇತ್ತು. ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ಆದರೆ ಜೀವಮಾನವೆಲ್ಲ ಹಲ್ಲಿಲ್ಲದ ಬಾಯಿ ನೋಡಿದವನಿಗೆ ಹಲ್ಲಿಲ್ಲದ ಜಾಗ ಕಂಡರೆ ಹೊಳೆಯುವುದು ಒಂದೇ: ಇತ್ತು, ಹೋಯಿತು, ಕಟ್ಟಬೇಕು. ಕ್ರೀಮು ಜಾಸ್ತಿಯಾಗಿ ಗೂಡುಗಳೇ ಕರಗಿಹೋಗಿವೆ, ಹಲ್ಲು ನೀರು ಚೆಲ್ಲುವಾಗ ಮೋರಿ ಪಾಲಾಗಿದೆ ಎಂದು ಅವನು ಅಲ್ಲೇ ತೀರ್ಪು ಕೊಟ್ಟುಬಿಟ್ಟ.

ಒಂದು ಹಲ್ಲೂ ಕಳೀದೆ ಅಂದಿದ್ದರು ಮಾವ. ಇಲ್ಲಿ ಒಂದು ಸಾಲೇ ಮಂಗಮಾಯ.

ಹೆಂಡತಿಗೆ ಹೇಳಿದಾಗ ಅವಳು ಹೌಹಾರಿದಳು. ಪಶುವೈದ್ಯರ ಮಗಳು, ನಿಜ. ಆದರೆ ಅಪ್ಪನ ಕೆಲಸದ ವಾಸನೆ ಕಂಡರಾಗದೆ ಚಿಕ್ಕಂದಿನಿಂದ ಮೂಗು ಮುಚ್ಚಿಕೊಂಡು ಬೆಳೆದವಳು. ಕುರಿ ಅಂದರೆ ಅವಳಿಗೆ ಉಣ್ಣೆ. ಅದರ ಬಾಯೊಳಗೆ ಏನಿದೆ ಏನಿಲ್ಲ ಎಂದು ಅವಳೂ ಇಣುಕಿದವಳಲ್ಲ.

"ಅಪ್ಪ ಇನ್ನು ಈ ಜನ್ಮದಲ್ಲಿ ಬಾಯಿ ತೆರೆಯಲ್ಲ," ಅಂದಳು. "ಅವರು ಬಾಯಿಗೆ ಕೈ ಅಡ್ಡ ಇಟ್ಕೊಳ್ಳೋದನ್ನ ನೋಡಿ ನೋಡಿ ಸಾಕಾಗಿದೆ ನಂಗೆ. ಆ ಹಲ್ಲು ಹುಡುಕಿಕೊಡಿ, ಅಷ್ಟೇ."

ಕೊಳಾಯಿಯವನನ್ನು ಕರೆಸಿದರು. ಅವನು ಬಚ್ಚಲ ಮೋರಿಯ ಜಾಲರಿ ಬಿಚ್ಚಿ, ಕೈಗೆ ಚೀಲ ಕಟ್ಟಿಕೊಂಡು, ಏನು ಬಿದ್ದಿದೆ ಸಾರ್ ಎಂದು ಕೇಳಿದ. ಹಲ್ಲು ಎಂದ ದಂತಶಿಲ್ಪಿ. ಎಷ್ಟು ಎಂದ ಅವನು. ಒಂದು ಸಾಲು ಎಂದ ಇವನು. ಕೊಳಾಯಿಯವನು ಇವನ ಬಾಯಿ ನೋಡಿದ, ಭರ್ತಿ ಇತ್ತು. ಬಾಗಿಲಲ್ಲಿ ನಿಂತ ಹೆಂಡತಿಯ ಬಾಯಿ ನೋಡಿದ, ಅದೂ ಭರ್ತಿ. ಹಾಗಾದರೆ ಯಾರದು ಎಂದು ಅವನು ಕೇಳುವ ಹೊತ್ತಿಗೆ ಕಿಟಕಿಯ ಮೇಲೆ ಒಣಗಲು ಇಟ್ಟಿದ್ದ ಎರಡು ಕೊಂಬು ಕಣ್ಣಿಗೆ ಬಿದ್ದವು. ಆಮೇಲೆ ಅವನು ತುಟಿ ಪಿಟಕ್ಕೆನ್ನದೆ ಕೆಲಸ ಮಾಡಿದ. ಮೋರಿಯಿಂದ ಕೂದಲಿನ ಉಂಡೆಗಳು, ಪಿನ್ನುಗಳು, ಯಾವುದೋ ಕಾಲದಲ್ಲಿ ಕಳೆದುಹೋಗಿದ್ದ ಕಿವಿಯೋಲೆ, ಒಂದು ಚಮಚ ಎಲ್ಲ ಬಂದವು. ಹಲ್ಲು ಬರಲಿಲ್ಲ. ಹೊರಗಿನ ಪೈಪು ಬಿಚ್ಚಿಸಿದರು, ಅಂಗಳದ ಗುಂಡಿ ತೆರೆಸಿದರು, ಪಕ್ಕದ ಮನೆಯವರ ಕಾಂಪೌಂಡಿನೊಳಗೂ ಕೈಮುಗಿದು ಅಗೆಸಿದರು. ಪಕ್ಕದ ಮನೆಯಾಕೆ ಮೂಗಿಗೆ ಸೆರಗು ಹಿಡಿದು, ನಿಮ್ಮನೇಲಿ ಏನು ನಡೀತಿದೆ ಅಂತ ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ, ನಾವು ಮನೆ ಖಾಲಿ ಮಾಡೋದೋ ಬೇಡವೋ ತೀರ್ಮಾನ ಮಾಡ್ತೀವಿ ಎಂದಳು.

ಎರಡೂ ಮನೆಯ ಅಂಗಳದ ತುಂಬ ಗುಂಡಿ. ಹಲ್ಲು ಮಾತ್ರ ಇಲ್ಲ. ಕೊನೆಗೆ ದಂತಶಿಲ್ಪಿ ಕೈಯಲ್ಲಿದ್ದ ಸಲಿಕೆಯನ್ನು ಎಸೆದು ಸೊಂಟದ ಮೇಲೆ ಕೈಯಿಟ್ಟು ನಿಂತ. ಕಟ್ಟುತ್ತೇನೆ ಅಂದ. ಹೆಂಡತಿ ಏನನ್ನು ಎಂದು ಕೇಳಲಿಲ್ಲ. ಅವಳಿಗೆ ಅರ್ಥವಾಯಿತು, ಅರ್ಥವಾದ ಮೇಲೆ ಅಲ್ಲೇ ಗುಂಡಿಯ ಪಕ್ಕ ಕುಕ್ಕರಿಸಿದಳು.

ಅವನ ಜೀವನದ ಶ್ರೇಷ್ಠ ಕೃತಿ ಅದು, ಹೊಟ್ಟೆಕಿಚ್ಚಿನವರೂ ಒಪ್ಪಬೇಕು. ಮೂತಿಯ ಅಚ್ಚು ತೆಗೆದ. ಕೆಳಗಿನ ಸಾಲು ನೋಡಿಕೊಂಡು ಅದಕ್ಕೆ ಹೊಂದುವ ಹಾಗೆ ಮೇಲಿನ ಸಾಲು ಕೆತ್ತಿದ. ತೀರ ಬೆಳ್ಳಗಿದ್ದರೆ ಕೃತಕ ಅಂತ ಗೊತ್ತಾಗುತ್ತದೆ ಎಂದು ಮುಪ್ಪಿನ ಪ್ರಾಣಿಗೆ ತಕ್ಕ ಹಾಗೆ ಒಂಚೂರು ಹಳದಿ ಬೆರೆಸಿದ, ಒಂದು ಹಲ್ಲಿನ ಮೂಲೆಯನ್ನು ಬೇಕೆಂದೇ ಸವೆಸಿದ. ಬುಡಕ್ಕೆ ಅಭ್ಯಾಸಬಲದಿಂದ ಗುಲಾಬಿ ಬಣ್ಣದ ವಸಡನ್ನೂ ಹಾಕಿಬಿಟ್ಟಿದ್ದ. ಆಮೇಲೆ ನೆನಪಾಗಿ ಉಜ್ಜಿ ತೆಗೆದ. ತನ್ನ ಅಂಗಡಿಯಲ್ಲಿರುವ ಅತಿ ಗಟ್ಟಿಯ ಅಂಟು ಹಾಕಿ ಕೂರಿಸಿದ. ಸುತ್ತಿಗೆ ತಂದರೂ ಅಲ್ಲಾಡದು. ಕೊಂಬು ತೊಡಿಸಿ, ಹಲಗೆಗೆ ಬಿಗಿದು, ಹಜಾರದ ಗೋಡೆಯ ಮೇಲೆ ಏರಿಸಿ, ದೂರ ನಿಂತು ನೋಡಿದ. ಕಣ್ಣು ತುಂಬಿ ಬಂತು.

ಹೆಂಡತಿಯೂ ಬಂದು ನೋಡಿದಳು. ತಲೆಯನ್ನು ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು.

"ಚೆನ್ನಾಗಿದೆ. ಆದ್ರೆ ಅದು ಯಾಕ್ರೀ ನಗ್ತಾ ಇದೆ?"

ಹಲ್ಲು ಚೆನ್ನಾಗಿದ್ದರೆ ಯಾರಾದರೂ ನಗುತ್ತಾರೆ ಎಂದು ಅವನು ಸಮಜಾಯಿಷಿ ಕೊಟ್ಟ.

ಭಾನುವಾರ ಮಾವ ಬಂದರು. ಬಾಗಿಲಲ್ಲಿ ಗುಂಡಿ ದಾಟಿ, ಹಜಾರಕ್ಕೆ ಕಾಲಿಟ್ಟು, ಗೋಡೆ ನೋಡಿದರು. ನಿಂತಲ್ಲೇ ನಿಂತರು. ಕೈ ಚಾಚಿ ಕುರ್ಚಿ ಹುಡುಕಿ ಕೂತರು, ನೀರು ಕೇಳಿದರು, ಕುಡಿದರು. ಮತ್ತೆ ಗೋಡೆ ನೋಡಿದರು. ಟಗರು ಅವರನ್ನು ನೋಡಿ ಸಾಲು ಸಾಲಾಗಿ ಹಲ್ಲು ಕಿರಿಯುತ್ತಿತ್ತು.

"ಅಳಿಯಂದಿರೇ, ಅದೇನದು?"

"ಹಲ್ಲು, ಮಾವ."

"ಯಾರದು?"

"ಅದರದ್ದೇ," ಅಂದ ದಂತಶಿಲ್ಪಿ.

ಮಾವ ಎದ್ದು ಹತ್ತಿರ ಹೋದರು. ಹೆಬ್ಬೆರಳಿನಿಂದ ಮೇಲಿನ ಸಾಲನ್ನು ಒತ್ತಿದರು, ಅಲ್ಲಾಡಿಸಿದರು, ಉಗುರು ಹಾಕಿ ಎಬ್ಬಿಸಲು ನೋಡಿದರು. ಅದು ಜಗ್ಗಲಿಲ್ಲ. ಸಾವಿರಾರು ಕುರಿಗಳ ಬಾಯಿ ತೆರೆದು ವಯಸ್ಸು ಹೇಳಿದ ಮನುಷ್ಯ.

"ಟಗರಿಗೆ ಮೇಲ್ಗಡೆ ಮುಂದಿನ ಹಲ್ಲು ಇರೋದೇ ಇಲ್ಲ," ಅಂದರು ಮೆಲ್ಲಗೆ. "ಕುರಿಗಿಲ್ಲ, ಮೇಕೆಗಿಲ್ಲ, ದನಕ್ಕಿಲ್ಲ. ಹುಟ್ಟುವಾಗಲೂ ಇಲ್ಲ, ಸಾಯುವಾಗಲೂ ಇಲ್ಲ. ಮೇಲೆ ಬರೀ ವಸಡು. ಅದಕ್ಕೇ ಕೆಳಗಿನ ಹಲ್ಲು ಒತ್ತಿ ಹುಲ್ಲು ಕಿತ್ತು ತಿಂತವೆ."

ದಂತಶಿಲ್ಪಿಯ ಕಣ್ಣ ಮುಂದೆ ಅಗೆದ ಗುಂಡಿಗಳೆಲ್ಲ ಒಂದೊಂದಾಗಿ ಹಾದುಹೋದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹೊರಗೆ ಅಂಗಳದಲ್ಲಿ ಅದು ಬಾಯಿಬಿಟ್ಟುಕೊಂಡೇ ಇತ್ತು, ಹೋಗಲು ಕಾಲು ಬರಲಿಲ್ಲ. ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲ ಮುಗಿಯಿತು, ಅಪ್ಪ ಎದ್ದು ಹೊರಟುಬಿಡುತ್ತಾರೆ ಎಂದು ಅವಳು ಕಾಯುತ್ತಿದ್ದಳು.

ಆಗ ಒಂದು ಸದ್ದು ಬಂತು. ಮೊದಲು ಸಿಳ್ಳೆಯ ಹಾಗೆ, ಆಮೇಲೆ ಕೆಮ್ಮಿನ ಹಾಗೆ. ಅವಳು ಬೆರಳ ಸಂದಿಯಿಂದ ನೋಡಿದಳು. ಅಪ್ಪ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಬಾಯಿಗೆ ಕೈ ಅಡ್ಡ ಇರಲಿಲ್ಲ. ಬೋಳು ವಸಡು ಪೂರ್ತಿ ಕಾಣುವ ಹಾಗೆ, ಹೊಟ್ಟೆ ಹಿಡಿದು, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದರು.

"ನನ್ನ ಹಲ್ಲು ಉದುರಿಸಿದವನಿಗೆ," ಅಂದರು, ಉಸಿರು ಸಿಗದೆ ನಿಂತು, "ನನ್ನ ಅಳಿಯನೇ ಹಲ್ಲು ಕಟ್ಟಿದ್ದಾನೆ!"

ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅಪ್ಪ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪೇ ಇರಲಿಲ್ಲ.

ನಗು ತಗ್ಗಿದ ಮೇಲೆ ಮಾವ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕೊಟ್ಟ ಮಾತು ಮಾತೇ ಅಂದರು. ಬೆಳ್ಳಗಾಗಿದೆ, ಒಂದು ಹಲ್ಲೂ ಕಳೆದಿಲ್ಲ, ಹೆಚ್ಚೇ ಇದೆ, ತನ್ನಿ ನಿಮ್ಮ ಸಾಮಾನು ಅಂದರು. ದಂತಶಿಲ್ಪಿಗೆ ಕಿವಿ ನಂಬಲಾಗಲಿಲ್ಲ. ಓಡಿಹೋಗಿ ಅಚ್ಚು ತೆಗೆಯುವ ತಟ್ಟೆ ತಂದ, ಅದಕ್ಕೆ ತುಂಬುವ ಅಚ್ಚಿನ ಹಿಟ್ಟು ಕಲಸಿದ, ಮಾವನ ಎದುರು ಬಗ್ಗಿ ನಿಂತ. ಮಾವ ಬಾಯಿ ತೆರೆದರು. ತಟ್ಟೆ ಇನ್ನೇನು ತುಟಿಗೆ ತಾಗಬೇಕು, ಅಷ್ಟರಲ್ಲಿ ಬಾಯಿ ಮತ್ತೆ ಮುಚ್ಚಿತು.

"ಒಂದು ನಿಮಿಷ, ಅಳಿಯಂದಿರೇ. ಮನುಷ್ಯನಿಗೆ ಮೇಲ್ಗಡೆ ಒಟ್ಟು ಎಷ್ಟು ಹಲ್ಲು? ಅದೊಂದು ಹೇಳಿಬಿಡಿ, ಆಮೇಲೆ ತೆರೀತೀನಿ."

ಅರ್ಧ ಊರಿನ ಬಾಯಿ ತುಂಬಿಸಿದವನು ಉತ್ತರಿಸಲು ಬಾಯಿ ತೆರೆದ. ಅವತ್ತಿನ ಆಘಾತಕ್ಕೆ ತಲೆಯೊಳಗಿದ್ದ ಲೆಕ್ಕವೆಲ್ಲ ಅಳಿಸಿಹೋಗಿತ್ತು. ತಟ್ಟೆ ಹಿಡಿದ ಕೈ ಹಾಗೇ ನಿಂತಿತು, ಹಿಟ್ಟು ಗಟ್ಟಿಯಾಗತೊಡಗಿತು. ಅವನು ಮೆಲ್ಲಗೆ ಬಾಯಿ ಮುಚ್ಚಿಕೊಂಡು, ಮಾವನಿಗೆ ಕಾಣದ ಹಾಗೆ, ತನ್ನ ಹಲ್ಲುಗಳನ್ನೇ ನಾಲಿಗೆಯಿಂದ ಒಂದೊಂದಾಗಿ ಎಣಿಸತೊಡಗಿದ. ಯಾಕೋ ಎಷ್ಟು ಸಲ ಎಣಿಸಿದರೂ ಒಂದೊಂದು ಸಲ ಒಂದೊಂದು ಲೆಕ್ಕ ಬರುತ್ತಿತ್ತು.